ಬತ್ತುವುದೂ ಕೆರೆಯ ಧರ್ಮ

ಬೂದಿಗೆರೆ ಎಂಬ ಊರಹೆಸರಿನ ಉತ್ತರಪದ ಮೂಲತಃ 'ಕೆರೆ'. ಸಮಾಸದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ಬಂದು 'ಗೆರೆ'ಯಾಗಿದೆ. 13ನೆಯ ಶತಮಾನದ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಿರೂಪಿಸಿದ ಈ ಸಂಧಿಕಾರ್ಯಕ್ಕೆ ಬಯಲುಸೀಮೆಯ ಊರಹೆಸರುಗಳಲ್ಲಿ ಉದಾಹರಣೆಗಳು ಹೇರಳವಾಗಿ ದೊರೆಯುತ್ತವೆ. ಪೂರ್ವಪದವಾದ 'ಬೂದಿ'ಯನ್ನು ಕಂಡೊಡನೆ ಬಳ್ಳಾರಿ, ರಾಯಚೂರು ಕಡೆಯ ನವಶಿಲಾಯುಗದ ಬೂದಿದಿಬ್ಬಗಳು ನೆನಪಿಗೆ ಬರುವುದು ಸಹಜ. ಆದರೆ ಹೆಸರಿನ ಸಾಮ್ಯವೊಂದನ್ನೇ ನೆಚ್ಚಿ ಇತಿಹಾಸವನ್ನು ಕಟ್ಟುವುದು ವಿದ್ವತ್ತಿನ ದಾರಿಯಲ್ಲ. ನಿಸ್ಸಂದೇಹವಾಗಿ ಹೇಳಬಹುದಾದ ಮಾತು ಇಷ್ಟೇ: ಕೆರೆಯಿಂದ ಊರಿಗೆ ಹೆಸರು ಬಂದಿದೆ. ಹೆಸರಿಟ್ಟ ಜನರ ಮನಸ್ಸಿನಲ್ಲಿ ಮೊದಲು ಇದ್ದದ್ದು ನೀರು, ಆಮೇಲೆ ವಸತಿ.

ಆ ಕೆರೆಯೂ ಅದರಂಥ ಸಾವಿರಾರು ಕೆರೆಗಳೂ ಬೇಸಗೆಯಲ್ಲಿ ಒಣಗಿ ನಿಂತಾಗ ಈಗೀಗ ಒಂದು ಮಾತು ಎಲ್ಲೆಡೆ ಕೇಳಿಬರುತ್ತದೆ: 'ಕೆರೆ ಸತ್ತಿದೆ.' ಕಾಳಜಿಯಿಂದ ಆಡಿದ ಮಾತೇ ಅದು, ಸಂಶಯವಿಲ್ಲ. ಆದರೂ ಅದು ತಪ್ಪು ಮಾತು. ಈ ಸೀಮೆಯ ಹವಾಮಾನದ ದೀರ್ಘ ಚರಿತ್ರೆಯನ್ನು ಮರೆತು ಆಡಿದ ಮಾತು. ಆ ಮರೆವಿನಿಂದ ಆಗುತ್ತಿರುವ ಹಾನಿಯೂ ಅಲ್ಪವಲ್ಲ.

ದೇವನಹಳ್ಳಿ ತಾಲ್ಲೂಕಿನ ಈ ಭಾಗದಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ದೇವನಹಳ್ಳಿ, ಹೊಸಕೋಟೆ ಸೀಮೆಗಳನ್ನು ಹಾದು ತಮಿಳುನಾಡಿನತ್ತ ಇಳಿಯುತ್ತದೆ. ನದಿಯೆಂಬ ಹೆಸರು ಅದಕ್ಕೆ ಇದ್ದರೂ ಇಲ್ಲಿ ಅದರ ನಡೆ ಮಳೆಗಾಲದ ಹಳ್ಳದ್ದು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಆಸುಪಾಸಿನ ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಕೆಲವೇ ದಿನಗಳಲ್ಲಿ ಸುರಿದುಹೋಗುತ್ತದೆ. ಮುಂಗಾರಿಗೂ ಹಿಂಗಾರಿಗೂ ಅಂಚಿನಲ್ಲಿ ಕುಳಿತ ನಾಡು ಇದು. ಎರಡೂ ಮಳೆಗಳು ಇಲ್ಲಿಗೆ ಬರುತ್ತವೆ, ಎರಡನ್ನೂ ನಂಬುವಂತಿಲ್ಲ.

ಸಹಜ ಸರೋವರಗಳೂ ಇಲ್ಲಿಲ್ಲ. ಭೂಮಿಯ ಮೇಲಿನ ಬಹುಪಾಲು ಸಹಜ ಸರೋವರಗಳು ಹಿಮನದಿಗಳು ಕೊರೆದ ತಗ್ಗುಗಳಲ್ಲಿ ನಿಂತವು. ಕೆಲವು ಭೂಮಿ ಬಿರಿದ ಕಣಿವೆಗಳಲ್ಲಿ, ಕೆಲವು ಜ್ವಾಲಾಮುಖಿಯ ಬಾಯಿಗಳಲ್ಲಿ ತುಂಬಿಕೊಂಡವು. ದಕ್ಷಿಣದ ಈ ಪ್ರಸ್ಥಭೂಮಿಯ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು. ಕಳೆದ ಹಿಮಯುಗದಲ್ಲಿ ಇಲ್ಲಿ ಹಿಮನದಿ ಹರಿಯಲಿಲ್ಲ. ಕೋಟ್ಯಂತರ ವರ್ಷಗಳ ಸವೆತದಿಂದ ಪ್ರತಿಯೊಂದು ತಗ್ಗಿಗೂ ಹೊರದಾರಿ ದೊರೆತಿದೆ, ಹಳ್ಳಗಳೆಲ್ಲ ಎಲ್ಲಿಯೋ ಒಂದು ಕಡೆ ಇಳಿದುಹೋಗುತ್ತವೆ. ದಖ್ಖನಿನಲ್ಲಿ ಎದ್ದುಕಾಣುವ ಅಪವಾದವೆಂದರೆ ಮಹಾರಾಷ್ಟ್ರದ ಲೋಣಾರ್. ಅಲ್ಲಿ ಕಲ್ಲನ್ನು ಕುಳಿಮಾಡಿದ್ದು ಆಕಾಶದಿಂದ ಬಿದ್ದ ಉಲ್ಕೆ. ಆದುದರಿಂದ ಪ್ರಾಚೀನ ಹವಾಮಾನದ ಏರಿಳಿತಗಳು ಸರೋವರಗಳನ್ನು ಹೇಗೆ ರೂಪಿಸಿದವು ಎಂಬ ಪ್ರಶ್ನೆಗೆ ಬೂದಿಗೆರೆಯಲ್ಲಿ ದೊರೆಯುವ ಉತ್ತರ ಬೇರೆ ಬಗೆಯದು. ಹವಾಮಾನವು ಇಲ್ಲಿ ಮನುಷ್ಯನನ್ನು ರೂಪಿಸಿತು, ಮನುಷ್ಯನು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕೆರೆಯನ್ನು ರೂಪಿಸಿದನು.

ಇತರ ನಾಡುಗಳಲ್ಲಿ ಸರೋವರಗಳೇ ಹವಾಮಾನದ ಕಡತಗಳು. ಸಹಾರಾ ಮರುಭೂಮಿ ಒಂದು ಕಾಲಕ್ಕೆ ಹುಲ್ಲುಗಾವಲಾಗಿತ್ತು. ಇಂದು ಕುಗ್ಗಿಹೋಗಿರುವ ಚಾಡ್ ಸರೋವರ ಆಗ ಒಳನಾಡಿನ ಕಡಲಿನಷ್ಟು ವಿಸ್ತಾರವಾಗಿತ್ತು. ಥಾರ್ ಮರುಭೂಮಿಯ ಲೂಣಕರಣಸರದ ತಳದ ಮಣ್ಣಿನ ಪದರಗಳನ್ನು ಓದಿದ ವಿಜ್ಞಾನಿಗಳು, ಅದು ಒಂದು ಕಾಲದಲ್ಲಿ ಸಿಹಿನೀರಿನಿಂದ ತುಂಬಿದ್ದು, ಐದು ಸಾವಿರ ವರ್ಷಗಳಿಗೂ ಹಿಂದೆಯೇ ಬತ್ತಿಹೋಯಿತೆಂದು ತೋರಿಸಿದ್ದಾರೆ. ಬೂದಿಗೆರೆಯ ಸೀಮೆಗೆ ಅಂಥ ಕಡತ ತನ್ನದೇ ಆಗಿ ಇಲ್ಲ. ಅದರ ಪೂರ್ವಚರಿತ್ರೆಯನ್ನು ನೆರೆಹೊರೆಯ ಸಾಕ್ಷಿಗಳಿಂದ ಹೊಂದಿಸಿಕೊಳ್ಳಬೇಕು, ಒಡೆದ ಶಾಸನದ ಲುಪ್ತಪಾಠವನ್ನು ಅಕ್ಕಪಕ್ಕದ ಶಾಸನಗಳ ನೆರವಿನಿಂದ ತುಂಬಿಕೊಳ್ಳುವ ರೀತಿಯಲ್ಲಿ.

ಮೊದಲ ಸಾಕ್ಷಿ ನೀಲಗಿರಿಯದು. ಅಲ್ಲಿನ ಎತ್ತರದ ಜೌಗುಗಳಲ್ಲಿ ಸಾವಿರಾರು ವರ್ಷಗಳ ಸಸ್ಯಾವಶೇಷ ಪೂರ್ತಿ ಕೊಳೆಯದೆ ಕಪ್ಪು ಮಣ್ಣಾಗಿ ಪದರಗಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಆ ಮಣ್ಣಿನ ಇಂಗಾಲವನ್ನು ಪರೀಕ್ಷಿಸಿ ಪ್ರಕಟಿಸಿದ ಲೇಖನ ಈ ಕ್ಷೇತ್ರದಲ್ಲಿ ಒಂದು ಮೈಲಿಗಲ್ಲು. ಇಂಗಾಲದಲ್ಲಿ ಹಗುರ ಪರಮಾಣುಗಳೂ ತುಸು ಭಾರದ ಪರಮಾಣುಗಳೂ ಇರುತ್ತವೆ. ಮರಗಳು, ತಂಪನ್ನು ಬಯಸುವ ಗಿಡಗಳು ಒಂದು ಪ್ರಮಾಣದಲ್ಲಿ ಇವನ್ನು ಹೀರಿಕೊಂಡರೆ, ಒಣನೆಲದ ಹುಲ್ಲುಗಳು ಬೇರೊಂದು ಪ್ರಮಾಣದಲ್ಲಿ ಹೀರಿಕೊಳ್ಳುತ್ತವೆ. ರಾಗಿ, ಜೋಳಗಳು ಈ ಎರಡನೆಯ ಗುಂಪಿನವು. ಆದ್ದರಿಂದ ಮಣ್ಣಿನಲ್ಲಿ ಉಳಿದ ಇಂಗಾಲದ ಪ್ರಮಾಣವನ್ನು ನೋಡಿ ಆಯಾ ಕಾಲದಲ್ಲಿ ಬೆಟ್ಟದ ಮೇಲೆ ಕಾಡು ಹಬ್ಬಿತ್ತೇ, ಒಣಹುಲ್ಲು ಹಬ್ಬಿತ್ತೇ ಎಂದು ಹೇಳಬಹುದು. ಹಿಮಯುಗ ಮುಗಿದ ಮೇಲೆ ಬಂದ ತೇವದ ಕಾಲವನ್ನೂ, ಅದರ ಅನಂತರ ಮರಳಿದ ಒಣಕಾಲವನ್ನೂ ನೀಲಗಿರಿಯ ಜೌಗು ಹೀಗೆ ಕಾದಿಟ್ಟಿದೆ.

ಎರಡನೆಯ ಸಾಕ್ಷಿ ಕಾರವಾರದ ಕಡಲಿನದು. ತೀರದಾಚೆಯ ತಳದಿಂದ ತೆಗೆದ ಕೆಸರಿನಲ್ಲಿ, ಕಾಳಿ ಮೊದಲಾದ ಹೊಳೆಗಳು ಘಟ್ಟದಿಂದ ತಂದು ಸುರಿದ ಪರಾಗಕಣಗಳಿವೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯೊಡನೆ ಕೆಲಸ ಮಾಡಿದ ಕ್ಯಾರಟಿನಿ ಮತ್ತು ಸಹೋದ್ಯೋಗಿಗಳು 1994ರಲ್ಲಿ ಇವನ್ನು ಎಣಿಸಿ, ಸುಮಾರು 3,500 ವರ್ಷಗಳಿಂದೀಚೆಗೆ ಈ ಕರಾವಳಿಯ ಹಿನ್ನಾಡು ಮೊದಲಿಗಿಂತ ಕಡಿಮೆ ತೇವದ್ದಾಯಿತೆಂದು ತೀರ್ಮಾನಿಸಿದರು. ಗೋದಾವರಿಯ ಮುಖದಾಚೆ ಬಂಗಾಳಕೊಲ್ಲಿಯ ತಳದಲ್ಲಿ ದೊರೆತ ಎಲೆಮೇಣದ ಅವಶೇಷಗಳೂ ಕಳೆದ ನಾಲ್ಕು ಸಾವಿರ ವರ್ಷಗಳಲ್ಲಿ ನಡುಭಾರತ ಹಂತಹಂತವಾಗಿ ಒಣಗಿದುದನ್ನು ಹೇಳುತ್ತವೆ. ಪಶ್ಚಿಮದ ಕಡಲು, ಪೂರ್ವದ ಕಡಲು, ದಕ್ಷಿಣದ ಬೆಟ್ಟ ಈ ಮೂರೂ ದಿಕ್ಕಿನ ಸಾಕ್ಷಿಗಳು ಒಂದೇ ಮಾತನ್ನಾಡುವಾಗ ನಡುವಿನ ಬಯಲಿನ ಕಥೆ ಬೇರೆಯಾಗಿದ್ದಿರಲಾರದು.

ಆ ಒಣಗುವಿಕೆಯ ಕಾಲಕ್ಕೆ ಬೂದಿದಿಬ್ಬಗಳ ಜನ ಹೊಂದಿಕೊಳ್ಳುತ್ತಾರೆ. ಸುಮಾರು ಐದರಿಂದ ಮೂರು ಸಾವಿರ ವರ್ಷಗಳ ಹಿಂದೆ ಬಳ್ಳಾರಿ, ರಾಯಚೂರು, ಸುರಪುರ ಸೀಮೆಗಳಲ್ಲಿ ದನಗಾಹಿಗಳು ಸಗಣಿಯ ರಾಶಿಗಳನ್ನು ಮತ್ತೆ ಮತ್ತೆ ಸುಟ್ಟು ಆ ದಿಬ್ಬಗಳನ್ನು ಉಂಟುಮಾಡಿದರು. ಸುರಪುರದ ಬಳಿಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನವು ಆ ಬದುಕನ್ನು ವಿವರವಾಗಿ ತೆರೆದಿಟ್ಟಿತು. ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ಕರಕಾದ ಕಾಳುಗಳನ್ನು ಜಾಲಾಡಿದ ಪುರಾತತ್ತ್ವಜ್ಞರಿಗೆ ಹೆಚ್ಚಾಗಿ ದೊರೆತದ್ದು ಹುರುಳಿ, ಹೆಸರು, ಕೊರಲೆ. ಒಂದೆರಡು ಹದಮಳೆಯಲ್ಲಿ ಬೆಳೆದು ಮುಗಿಯುವ ಬೆಳೆಗಳು ಇವು. ತುಮಕೂರು, ಚಿತ್ರದುರ್ಗದ ಹೊಲಗಳಲ್ಲಿ ಕೊರಲೆ ಇಂದಿಗೂ ಉಳಿದುಕೊಂಡಿರುವುದು ಗಮನಾರ್ಹ. ಗ್ರಂಥಗಳು ನಾಶವಾದೆಡೆಯಲ್ಲಿ ಬೀಜಗಳು ಪರಂಪರೆಯನ್ನು ಕಾಯುತ್ತವೆ. ಆ ಜನ ಮಳೆಯ ಅನಿಶ್ಚಯಕ್ಕೆ ತಕ್ಕ ಬೆಳೆಯನ್ನು ಆರಿಸಿಕೊಂಡಿದ್ದರು. ಮಳೆಯನ್ನೇ ಹಿಡಿದಿಡುವ ಯೋಚನೆ ಕೈಗೂಡುವುದಕ್ಕೆ ಇನ್ನೂ ಬಹುಕಾಲ ಹಿಡಿಯಿತು.

ಕರ್ನಾಟಕದ ಶಾಸನಗಳ ಬಾಗಿಲನ್ನು ತೆರೆದರೆ ಮೊದಲಿಗೇ ಕೆರೆ ಎದುರಾಗುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಕೊರೆದಿರುವುದು ಒಂದು ಕೆರೆಯ ನಿರ್ಮಾಣದ ಸಂದರ್ಭದಲ್ಲಿ. ಅವನು ಗೆದ್ದ ರಾಜರ ಹೆಸರುಗಳೂ ಆ ಕೆರೆಯ ನೆಪದಲ್ಲೇ ಅಲ್ಲಿ ಬರುತ್ತವೆ. ತಾಳಗುಂದದ ಸ್ತಂಭಶಾಸನದಲ್ಲಿ ಕವಿ ಕುಬ್ಜನು ಕದಂಬ ವಂಶದ ಕಥೆಯನ್ನು ಹಾಡುತ್ತ ಬಂದು ತಲಪುವುದು ಕಾಕುಸ್ಥವರ್ಮನು ದೇವಾಲಯದ ಬಳಿ ತೋಡಿಸಿದ ಕೆರೆಗೆ. ಗಂಗರ, ರಾಷ್ಟ್ರಕೂಟರ ಕಾಲಕ್ಕೆ ಬರುವ ಹೊತ್ತಿಗೆ ಕೆರೆಯ ಸುತ್ತ ಒಂದು ಪರಿಭಾಷೆಯೇ ಬೆಳೆದುನಿಂತಿದೆ: ಏರಿ, ತೂಬು, ಕೋಡಿ, ಕೆರೆಯ ರಕ್ಷಣೆಗೆಂದು ಬಿಟ್ಟ ಬಿತ್ತುವಟ್ಟ, ಕಟ್ಟಿದವನಿಗೆ ಕೊಟ್ಟ ಕಟ್ಟುಕೊಡುಗೆ. ರಾಜವಂಶಗಳು ಬದಲಾದರೂ ಈ ಮಾತುಗಳು ಬದಲಾಗಲಿಲ್ಲ.

ಇಲ್ಲಿ ಒಂದು ತೊಡಕಿದೆ, ಅದನ್ನು ಮರೆಮಾಚಬಾರದು. ಕೆರೆ ಕಟ್ಟಿಸಿದುದಕ್ಕೆ ಶಾಸನಗಳು ಕೊಡುವ ಕಾರಣ ಪುಣ್ಯ, ಕೀರ್ತಿ, ಪರೋಕ್ಷವಿನಯ. 'ಮಳೆ ಕೈಕೊಟ್ಟಿತು, ಆದ್ದರಿಂದ ಕಟ್ಟಿದೆವು' ಎಂಬ ಧಾಟಿಯ ಮಾತನ್ನು ಅವುಗಳಲ್ಲಿ ನಿರೀಕ್ಷಿಸುವಂತಿಲ್ಲ. ಹವಾಮಾನದ ಇತಿಹಾಸಕಾರನು ವಿಜ್ಞಾನದ ರೇಖೆಯನ್ನು ಒಂದೆಡೆ, ಶಾಸನದ ತೇದಿಯನ್ನು ಒಂದೆಡೆ ಇಟ್ಟು ಎರಡರ ನಡುವೆ ಗೆರೆ ಎಳೆಯುವಾಗ ಎಚ್ಚರ ಬೇಕು. ದಾನಿಯ ಮನಸ್ಸು ಪುಣ್ಯದಲ್ಲಿ ನೆಟ್ಟಿತ್ತೆಂಬುದನ್ನು ಒಪ್ಪಿಕೊಂಡೇ, ಆ ನಾಡಿನಲ್ಲಿ ನೀರೇ ಏಕೆ ಅಷ್ಟು ದೊಡ್ಡ ಪುಣ್ಯವಾಯಿತು ಎಂದು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಆಕಾಶದಲ್ಲಿದೆ.

ಸಾಹಿತ್ಯದಲ್ಲಿ ಬರಗಾಲದ ನೆನಪು ಹೆಚ್ಚು ನೇರವಾಗಿದೆ. ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷದ ಕ್ಷಾಮವನ್ನು ಮುಂಗಂಡು ಸಂಘವನ್ನು ದಕ್ಷಿಣಕ್ಕೆ ಹೊರಡಿಸಿದ ಕಥೆ ಪ್ರಸಿದ್ಧ. ಶ್ರವಣಬೆಳಗೊಳದ ಚಿಕ್ಕಬೆಟ್ಟದ, ಸುಮಾರು 600ರ ಕಾಲದ್ದೆಂದು ವಿದ್ವಾಂಸರು ಎಣಿಸುವ ಶಾಸನದಲ್ಲಿ ಅದು ಬರುತ್ತದೆ. ಹರಿಷೇಣನ ಬೃಹತ್ಕಥಾಕೋಶದಲ್ಲಿಯೂ ಕನ್ನಡದ ವಡ್ಡಾರಾಧನೆಯಲ್ಲಿಯೂ ಕಥಾರೂಪ ತಾಳುತ್ತದೆ. ಆ ವಲಸೆಯ ಕಾಲ, ಸ್ವರೂಪಗಳ ಬಗೆಗಿನ ಚರ್ಚೆ ಇಲ್ಲಿ ಅಪ್ರಸ್ತುತ. ಪ್ರಸ್ತುತವಾದದ್ದು 'ಹನ್ನೆರಡು ವರ್ಷ' ಎಂಬ ಸಂಖ್ಯೆ. ಇದು ಕೇವಲ ಕಥನರೂಢಿ ಎಂದು ತಳ್ಳಿಹಾಕುವವರಿದ್ದಾರೆ. 1396ರಿಂದ ಆರಂಭವಾಗಿ ದಖ್ಖನನ್ನು ಬರಿದು ಮಾಡಿದ ದುರ್ಗಾದೇವಿ ಬರಗಾಲವನ್ನೂ ಜನ ಹನ್ನೆರಡು ವರ್ಷದ್ದೆಂದೇ ನೆನೆದರು. ಈ ಎರಡನೆಯ ನೆನಪಿಗೆ ಅನಿರೀಕ್ಷಿತ ಕಡೆಯಿಂದ ಬೆಂಬಲ ಬಂದಿದೆ. ಛತ್ತೀಸಗಢದ ದಂಡಕ ಗುಹೆಯಲ್ಲಿ ಹನಿಹನಿಯಾಗಿ ಬೆಳೆದ ಸುಣ್ಣದ ಕಂಬವನ್ನು ಪರೀಕ್ಷಿಸಿ ಆಶಿಷ್ ಸಿನ್ಹಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ದಾಖಲೆಯ ಪ್ರಕಾರ, 14ನೆಯ ಶತಮಾನದ ನಡುವಿನಿಂದ 15ನೆಯ ಶತಮಾನದವರೆಗೆ ಮುಂಗಾರು ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ಕ್ಷೀಣಿಸಿದ ಕಂತುಗಳಿವೆ. ಸಂಖ್ಯೆ ರೂಢಿಯದೇ ಇರಬಹುದು. ಆದರೆ ಒಂದೆರಡು ವರ್ಷಕ್ಕೆ ಮುಗಿಯದ ಬರಗಾಲ ಬರುತ್ತದೆ ಎಂಬ ಅನುಭವಕ್ಕೆ ರೂಢಿ ಕೊಟ್ಟ ಹೆಸರು ಅದು.

ಇದೇ ಅವಧಿಯಲ್ಲಿ, 1369ರಲ್ಲಿ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಹಾಕಿಸಿದ ಶಾಸನವು ಕೆರೆಯ ವಿಜ್ಞಾನಕ್ಕೆ ದೊರೆತ ಅಪೂರ್ವ ಪಠ್ಯ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಹೇಳುತ್ತದೆ. ಸಾವಿರ ಮಂದಿ ಕೂಲಿಗಳು ಎರಡು ವರ್ಷ ದುಡಿದರೆಂಬ ಲೆಕ್ಕವನ್ನೂ ಕೊಡುತ್ತದೆ. ಮಳೆ ಕುಗ್ಗಿದ ಕಾಲದಲ್ಲೇ ಕೆರೆಯ ಶಾಸ್ತ್ರ ಇಷ್ಟು ಪಕ್ವವಾಗಿ ಕಾಣಿಸಿಕೊಂಡದ್ದು ಕಾಕತಾಳೀಯವಾಗಿರಬಹುದು, ಇಲ್ಲದೆಯೂ ಇರಬಹುದು. ಒಂದೇ ಶಾಸನದಿಂದ ತೀರ್ಪು ಕೊಡಲಾಗದು.

ಬೂದಿಗೆರೆಯ ಸೀಮೆಯ ಕೆರೆಯೊಂದನ್ನು ಅದರ ಅಂಗಾಂಗಗಳಾಗಿ ನೋಡಿದರೆ ಈ ಹವಾಮಾನದ ಪಾಠ ಸ್ಪಷ್ಟವಾಗುತ್ತದೆ. ಏರಿ ಒಂದೇ ಕಡೆ ಇರುತ್ತದೆ, ಉಳಿದ ಮೂರು ಕಡೆ ನೆಲ ಮೆಲ್ಲಗೆ ಇಳಿಜಾರಾಗಿ ನೀರಿನೊಳಗೆ ಜಾರುತ್ತದೆ. ತುಂಬಿದ ಕೆರೆಯ ಕೋಡಿ ಹರಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ಸೇರುವ ಸರಣಿ. ಮೇಲಿನ ಊರಿನ ಹೆಚ್ಚಳ ಕೆಳಗಿನ ಊರಿನ ಹಕ್ಕಾಗಿತ್ತು. ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನೀರು ಬಿಡಬೇಕು, ಭತ್ತವೋ ರಾಗಿಯೋ ಎಂಬುದನ್ನು ಊರು ತೀರ್ಮಾನಿಸುತ್ತಿತ್ತು, ನೀರುಗಂಟಿ ಅದನ್ನು ನಡೆಸುತ್ತಿದ್ದನು. ಬೇಸಗೆಗೆ ನೀರು ಹಿಂದೆಗೆದಂತೆ ಕೆರೆಯಂಗಳದಲ್ಲಿ ಹುಲ್ಲು ಚಿಗುರಿ ದನ ಮೇಯುತ್ತಿದ್ದವು. ಗೋಡು ಮಣ್ಣನ್ನು ಎತ್ತಿನಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಕೆರೆಯ ಹೂಳು ಹೊಲದ ಗೊಬ್ಬರವಾಗುತ್ತಿದ್ದ ಕಾಲ ಅದು, ಹೂಳೆತ್ತುವುದಕ್ಕೆ ಟೆಂಡರು ಬೇಕಿರಲಿಲ್ಲ. ಈ ವ್ಯವಸ್ಥೆಯ ಪ್ರತಿಯೊಂದು ಭಾಗವೂ ಕೆರೆ ಬತ್ತುತ್ತದೆ ಎಂಬ ತಿಳಿವಳಿಕೆಯ ಮೇಲೆ ನಿಂತಿದೆ.

ಜೀವಜಾಲವೂ ಅದೇ ಲಯಕ್ಕೆ ಒಗ್ಗಿಕೊಂಡದ್ದು. ಒಣಗಿದ ಕೆಸರಿನಲ್ಲಿ ಕಪ್ಪೆಗಳು ಹುದುಗಿರುತ್ತವೆ, ಬಸವನಹುಳುಗಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಕಾಯುತ್ತವೆ, ತೇವ ಉಳಿದೆಡೆ ಕೊರಮೀನು ಜೀವ ಹಿಡಿದಿರುತ್ತದೆ. ಕಣ್ಣಿಗೆ ಕಾಣದ ನೀರುಹುಳುಗಳ ಮೊಟ್ಟೆಗಳೂ ಜೊಂಡಿನ ಬೀಜಗಳೂ ಮುಂದಿನ ಮಳೆಯವರೆಗೆ ಮಣ್ಣಿನಲ್ಲೇ ಇರುತ್ತವೆ. ಚಳಿಗಾಲದಲ್ಲಿ ದೂರದಿಂದ ಬರುವ ಗದ್ದೆಗೊರವಗಳಿಗೆ ಬೇಕಾದದ್ದು ಆಳದ ನೀರಲ್ಲ, ಹಿಂದೆಗೆಯುತ್ತಿರುವ ನೀರಿನ ಅಂಚಿನ ಕೆಸರು. ವಸ್ತುವಿನ ಸ್ವಭಾವವೇ ಅದರ ಧರ್ಮವೆಂಬ ಅರ್ಥದಲ್ಲಿ ಹೇಳುವುದಾದರೆ, ತುಂಬುವುದೂ ಬತ್ತುವುದೂ ಸೇರಿ ಕೆರೆಯ ಧರ್ಮ.

ಇದನ್ನು ಹಾಡಿಹೊಗಳಿ ಬಿಟ್ಟರೆ ಅರ್ಧಸತ್ಯವಾದೀತು. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ತಕ್ಕ ಜಾಗ ಹುಡುಕುವುದಕ್ಕೇ ಜಾಣ್ಮೆ ಬೇಕಾದೀತು, ಅಷ್ಟರಮಟ್ಟಿಗೆ ನೆಲವೆಲ್ಲ ಕೆರೆಗಳಿಂದ ತುಂಬಿದೆ ಎಂಬ ಅರ್ಥದ ಮಾತನ್ನು ಬರೆದಿದ್ದನು. ಅದಾಗಿ ಹತ್ತು ವರ್ಷಕ್ಕೆ, 1876ರಲ್ಲಿ, ಮಳೆ ಸೋತಿತು. 1877ರಲ್ಲಿ ಮತ್ತೆ ಸೋತಿತು. ಶಾಂತಸಾಗರದ ನೀರು ಕಾದು ಲೋಕದ ಮಳೆಯನ್ನೇ ಏರುಪೇರು ಮಾಡಿದ ಎಲ್ ನಿನೋ ವರ್ಷವದು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ ಇಳಿದಿತ್ತು. ಕೆರೆಗಳು ಅಷ್ಟು ದಟ್ಟವಾಗಿದ್ದ ನಾಡಿನಲ್ಲೇ ಇದು ನಡೆಯಿತು. ಆಡಳಿತದ ನಡೆ, ಧಾನ್ಯದ ಬೆಲೆ, ಸಾಗಣೆ ಇವೆಲ್ಲವುಗಳ ಹೊಣೆ ಅದರಲ್ಲಿ ದೊಡ್ಡದು. ಆದರೂ ಒಂದು ಅಂಶ ಉಳಿಯುತ್ತದೆ: ಕೆರೆಯನ್ನು ಕಟ್ಟಿದವರು ಅದನ್ನು ಒಂದು ವರ್ಷದ ಮುನಿಸನ್ನು ತಡೆಯುವಷ್ಟಕ್ಕೆ ಅಳೆದಿದ್ದರು. ಬೆನ್ನುಬೆನ್ನಿಗೆ ಎರಡು ವರ್ಷ ಬರ ಬಂದರೆ ತಳ ಕಾಣುವ ಪಾತ್ರೆ ಅದು. ದುರ್ಗಾದೇವಿಯಂಥದಕ್ಕೆ ಕೆರೆ ಮದ್ದಲ್ಲ, ಎಂದೂ ಆಗಿರಲಿಲ್ಲ.

ಈ ಮಿತಿಯನ್ನು ತಿಳಿಯದೆ ಇಂದು ಎರಡು ವಿರುದ್ಧ ತಪ್ಪುಗಳು ನಡೆಯುತ್ತಿವೆ. ಮೊದಲನೆಯದು ಹಳೆಯದು. ಒಣಗಿದ ಕೆರೆಯನ್ನು ಬರಿನೆಲವೆಂದು ಬಗೆಯುವುದು. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ಬೂದಿಗೆರೆ ಕಡೆಯ ದಾರಿಗಳ ಇಕ್ಕೆಲದಲ್ಲೂ ನಿವೇಶನಗಳ ಫಲಕಗಳು ಎದ್ದಿವೆ. ಕೆರೆಯ ಅಂಗಳವನ್ನು ಕಾನೂನು ಒಂದಿಷ್ಟು ಕಾಯುತ್ತದೆ. ಅಂಗಳಕ್ಕೆ ನೀರು ತರುವ ಸಣ್ಣ ಕಾಲುವೆಗಳನ್ನು, ಕೋಡಿಯ ಹಳ್ಳವನ್ನು ಕಾಯುವವರು ಕಡಿಮೆ. 2022ರ ಮಳೆಗೆ ಬೆಂಗಳೂರಿನ ಪೂರ್ವ ಬಡಾವಣೆಗಳು ಮುಳುಗಿದಾಗ, ನೀರು ತಾನು ಮೊದಲು ಹರಿಯುತ್ತಿದ್ದ ದಾರಿಯನ್ನೇ ಹುಡುಕಿಕೊಂಡು ಬಂದಿತ್ತು. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಹನ್ನೆರಡು ತಿಂಗಳ ಅಂತರದಲ್ಲಿ ಪ್ರವಾಹವೂ ಬರವೂ ಬರುವ ಇಂಥ ಆಕಾಶಕ್ಕೆಂದೇ ಕಟ್ಟಿದ ಸಾಧನವನ್ನು ಆ ಆಕಾಶ ಇನ್ನೂ ಕೆರಳುತ್ತಿರುವ ಹೊತ್ತಿನಲ್ಲಿ ಕಳಚಿಹಾಕುವುದಕ್ಕೆ ಅವಿವೇಕವೆಂಬ ಹೆಸರಲ್ಲದೆ ಬೇರೆ ಹೆಸರಿಲ್ಲ.

ಎರಡನೆಯ ತಪ್ಪು ಹೊಸದು, ಸದುದ್ದೇಶದ್ದು, ಆದ್ದರಿಂದಲೇ ಹೆಚ್ಚು ಸೂಕ್ಷ್ಮವಾದದ್ದು. ಕೆರೆ ಎಂದರೆ ಸದಾ ತುಂಬಿರಬೇಕು ಎಂಬ ಭಾವನೆ ಅದು. ಪುನಶ್ಚೇತನವೆಂಬ ಹೆಸರಿನಲ್ಲಿ ಜೆಸಿಬಿಗಳು ಇಳಿಜಾರಿನ ಅಂಚನ್ನೆಲ್ಲ ಕೊರೆದು, ಸುತ್ತಲೂ ಕಡಿದಾದ ದಂಡೆ ನಿಲ್ಲಿಸಿ, ಅದರ ಮೇಲೆ ನಡಿಗೆಯ ದಾರಿ ಹಾಸಿದರೆ ಕೆರೆ ತೊಟ್ಟಿಯಾಗುತ್ತದೆ. ತೊಟ್ಟಿಯಲ್ಲಿ ನೀರು ನಿಲ್ಲುತ್ತದೆ, ನಿಜ. ಆದರೆ ಗದ್ದೆಗೊರವಗಳಿಗೆ ಕಾಲೂರಲು ಅಲ್ಲಿ ಕೆಸರಿಲ್ಲ, ದನಗಳಿಗೆ ಹುಲ್ಲಿಲ್ಲ.

ಇದರ ಜೊತೆಗೆ ಬಂದದ್ದು ಬೆಂಗಳೂರಿನ ಸಂಸ್ಕರಿತ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ 2018ರಲ್ಲಿ ಕೋಲಾರದ ಕಡೆಗೆ ಹರಿಯತೊಡಗಿದ ಯೋಜನೆಯೂ, ಹೆಬ್ಬಾಳ-ನಾಗವಾರ ಕಣಿವೆಯಿಂದ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರಗಳ ಕೆರೆಗಳಿಗೆ ನೀರೊದಗಿಸುವ ಯೋಜನೆಯೂ ಈ ಸೀಮೆಯ ಜಲಚರಿತ್ರೆಯಲ್ಲಿ ಹೊಸ ಅಧ್ಯಾಯ. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ಧೂಳು ಮಾತ್ರ ಬರುತ್ತಿದ್ದ ಊರಿನ ರೈತನಿಗೆ ಆ ನೀರು ಬೇಡವೆಂದು ಹೇಳುವ ನೈತಿಕ ಹಕ್ಕು ನಗರದಲ್ಲಿ ಕುಳಿತ ಯಾರಿಗೂ ಇಲ್ಲ. ಅಂತರ್ಜಲ ಏರಿದ್ದನ್ನು ಕಂಡವರು ಅದನ್ನು ಸ್ವಾಗತಿಸಿದ್ದು ನ್ಯಾಯವೇ. ಆದರೆ ಎರಡು ಹಂತದ ಶುದ್ಧೀಕರಣವಷ್ಟೇ ಕಂಡ ನೀರಿನಲ್ಲಿ ಸಾರಜನಕ, ರಂಜಕಗಳು ಉಳಿಯುತ್ತವೆ, ಮೂರನೆಯ ಹಂತದ ಶುದ್ಧಿಗಾಗಿ ಆ ಭಾಗದ ರೈತರೇ ಹೋರಾಡುತ್ತಿದ್ದಾರೆ. ಅದರಾಚೆಗೆ ಇನ್ನೊಂದು ಪ್ರಶ್ನೆಯಿದೆ. ಮೂರು ಸಾವಿರ ವರ್ಷಗಳ ಒಣಹವೆಯಲ್ಲಿ, ತುಂಬಿ ಬತ್ತುವ ಲಯದಲ್ಲಿ ಬೆಳೆದ ನೆಲೆಯೊಂದು ವರ್ಷವಿಡೀ ನಿಂತ, ಪೋಷಕಾಂಶ ತುಂಬಿದ ನೀರಿಗೆ ಸಿಕ್ಕರೆ ಏನಾಗುತ್ತದೆ? ಒಣಗಿ ಬಿಸಿಲಿಗೆ ತೆರೆದುಕೊಂಡಾಗ ಕೆರೆಯ ತಳದ ಕೊಳೆ ಗಾಳಿಯಾಡಿ ಮಣ್ಣಾಗುತ್ತದೆ, ಕಳೆಸಸ್ಯಗಳು ಸಾಯುತ್ತವೆ. ಎಂದೂ ಒಣಗದ ಕೆರೆಯಲ್ಲಿ ಆ ಶುದ್ಧಿ ನಡೆಯದು. ಬೆಳ್ಳಂದೂರು ಕೆರೆಯ ನೊರೆಯನ್ನು ಕಂಡವರಿಗೆ ಸದಾ ತುಂಬಿರುವುದೇ ಆರೋಗ್ಯವಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಸರಣಿಯ ಕೆಲವು ಕೆರೆಗಳನ್ನಾದರೂ ಸರದಿಯ ಮೇಲೆ ಮಳೆಗೇ ಬಿಟ್ಟು, ಬೇಸಗೆಗೆ ಬತ್ತಲು ಬಿಡುವುದು ಅಸಾಧ್ಯವಾದ ಕೋರಿಕೆಯೇನಲ್ಲ.

ಇನ್ನೊಂದು ಕೋರಿಕೆ ಇದಕ್ಕಿಂತ ಚಿಕ್ಕದು. ವಿಜಯನಗರದ ಕಮಲಾಪುರ ಕೆರೆಯ ತಳದಿಂದ ಕೆಸರಿನ ಕಂಬವೊಂದನ್ನು ತೆಗೆದು, ಅದರ ಪರಾಗವನ್ನೂ ಇದ್ದಿಲ ಕಣಗಳನ್ನೂ ಓದಿ, ಕ್ಯಾಥ್ಲೀನ್ ಮಾರಿಸನ್ ಆ ನಾಡಿನ ಸಸ್ಯಸಂಪತ್ತು ಬದಲಾದ ಬಗೆಯನ್ನು ಚರಿತ್ರೆಗೆ ಜೋಡಿಸಿದ್ದಾರೆ. ಕೆರೆ ಮನುಷ್ಯ ಕಟ್ಟಿದ್ದಾದರೂ ಅದರ ಹೂಳು ಆಕಾಶದ ಬರವಣಿಗೆ ಎಂಬುದಕ್ಕೆ ಇದು ನಿದರ್ಶನ. ದೊಡ್ಡ ಮಳೆ ತಂದ ಮರಳಿನ ಪದರ, ಬರದಲ್ಲಿ ಬಿರಿದ ಜೇಡಿಯ ಪದರ, ರಾಗಿಯೋ ನೀಲಗಿರಿ ಮರವೋ ಸುತ್ತ ಬೆಳೆದಿತ್ತೆಂದು ಹೇಳುವ ಪರಾಗ ಎಲ್ಲವೂ ಅದರಲ್ಲಿ ಉಳಿದಿರಬಹುದು. 1963ರ ಸುಮಾರಿಗೆ ತುತ್ತತುದಿ ಮುಟ್ಟಿದ ಅಣುಸ್ಫೋಟ ಪರೀಕ್ಷೆಗಳ ಸೀಸಿಯಂ ಧೂಳು ಕೂಡ ಆ ವರ್ಷಗಳ ಪದರವನ್ನು ಗುರುತಿಸಿಕೊಡುತ್ತದೆ. ಎಲ್ಲ ಕೆರೆಗಳ ಹೂಳೂ ಓದಲು ಬರುವಂಥದಲ್ಲ. ಗೋಡು ತೆಗೆದಲ್ಲಿ, ಅಂಗಳವನ್ನು ಉತ್ತಲ್ಲಿ ಹಾಳೆಗಳು ಹರಿದಿರುತ್ತವೆ. ಆದರೂ ಹೂಳೆತ್ತುವ ಮುನ್ನ, ಏರಿಯ ಬುಡದ ಆಳವಾದ ಜಾಗದಲ್ಲಿ ಒಂದು ಕೊಳವೆಯಷ್ಟು ಕೆಸರನ್ನು ಕದಡದೆ ತೆಗೆದು, ಊರು, ಜಾಗ, ತೇದಿ ಬರೆದು ವಿಶ್ವವಿದ್ಯಾನಿಲಯವೊಂದರ ತಂಪು ಕೋಣೆಯಲ್ಲಿಡುವುದಕ್ಕೆ ತಗಲುವ ವೆಚ್ಚ ಟಿಪ್ಪರ್ ಲಾರಿಗಳ ಒಂದು ದಿನದ ಡೀಸೆಲ್‌ಗಿಂತ ಹೆಚ್ಚಾಗಲಾರದು.

ತಾಳೆಗರಿಯ ಕಟ್ಟುಗಳನ್ನು ಒಲೆಗೆ ಹಾಕಿದ ಮನೆಗಳ ಕಥೆಯನ್ನು ಕನ್ನಡದ ಗ್ರಂಥಸಂಪಾದಕರು ನೋವಿನಿಂದ ಹೇಳಿಕೊಂಡಿದ್ದಾರೆ. ಬಯಲುಸೀಮೆಯ ಕೆರೆಯಂಗಳಗಳಿಂದ ಬೇಸಗೆಯುದ್ದಕ್ಕೂ ಹೊರಡುವ ಲಾರಿಗಳಲ್ಲಿರುವುದು ಅಂಥದೇ ಸರಕು. ಮೇಲಿನ ಎರಡಡಿ ಮಣ್ಣಿನಲ್ಲಿ ಈಚಿನ ದಶಕಗಳ ಬರಗಳಿದ್ದಾವು, ಇನ್ನೂ ಕೆಳಗೆ 1876ರದಿದ್ದೀತು. ಹೊಲಕ್ಕೆ ಹೋದ ಮಣ್ಣು ಬೆಳೆಯನ್ನಾದರೂ ಕೊಡುತ್ತದೆ. ಉಳಿದದ್ದು ಇಟ್ಟಿಗೆಗೂಡಿಗೂ, ಹೊಸ ಬಡಾವಣೆಯ ನಿವೇಶನಗಳನ್ನು ರಸ್ತೆಯ ಮಟ್ಟಕ್ಕೆ ಏರಿಸುವುದಕ್ಕೂ ಹೋಗುತ್ತಿದೆ.